ಹೂಮಳೆ ಕಾಣಿಸದ ಗ್ರಾಫ್: ಒಂದು ಕಾಫಿ ತೋಟದ ಮಳೆ ಪುಸ್ತಕ ಮತ್ತು ಮ್ಯಾಟ್‌ಪ್ಲಾಟ್‌ಲಿಬ್

ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವಿನ ಒಂದು ರೋಬಸ್ಟಾ ತೋಟ. 2012ರಿಂದ 2023ರವರೆಗಿನ ಹನ್ನೆರಡು ವರ್ಷದ ಮಳೆ ಪುಸ್ತಕಗಳು ತೋಟದ ಆಫೀಸಿನಲ್ಲಿವೆ. ದಿನಾ ಬೆಳಿಗ್ಗೆ ಎಂಟೂವರೆಗೆ ರೈಟರು (ತೋಟದ ಗುಮಾಸ್ತರು) ರೇನ್‌ಗೇಜಿನ ನೀರನ್ನು ಅಳತೆ ಗಾಜಿಗೆ ಸುರಿದು ನೋಡಿ ಬರೆದಿಟ್ಟ ಲೆಕ್ಕ ಅದು, ಎಲ್ಲ ಇಂಚು–ಸೆಂಟಿನಲ್ಲಿ. ಸರ್ಕಾರಿ ಕಾಗದದಲ್ಲಿ ಮಿಲಿಮೀಟರ್ ಬಂದು ಎಷ್ಟೋ ಕಾಲವಾಯಿತು. ಮಲೆನಾಡಿನ ತೋಟಗಳಲ್ಲಿ ಮಾತ್ರ ಇವತ್ತಿಗೂ "ನಿನ್ನೆ ಎಷ್ಟು ಸೆಂಟು?" ಎಂದೇ ಕೇಳುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿ.ಮೀ.

ತೋಟಕ್ಕೆ ಬೇಕಾಗಿದ್ದದ್ದು ಗೋಡೆಗೆ ಅಂಟಿಸುವ ಒಂದು ಎ3 ಹಾಳೆ. ಪ್ರತಿ ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಯಾವತ್ತು ಬಿತ್ತು, ಅದಾದ ಎಷ್ಟು ದಿನಕ್ಕೆ ಬ್ಯಾಕಿಂಗ್ ಮಳೆ (ಆ ಹೂ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ) ಬಂತು, ಮುಂಗಾರು ಯಾವ ನಕ್ಷತ್ರದಲ್ಲಿ ಹಿಡಿಯಿತು, ಈ ಮೂರನ್ನೂ ಒಂದೇ ನೋಟಕ್ಕೆ ತೋರಿಸಬೇಕು. ಬಳಸಿದ್ದು ಪೈಥಾನ್ 3.11 ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ಕೋಷ್ಟಕಗಳನ್ನು ಓದಿ ಲೆಕ್ಕ ಮಾಡುವ ಪಾಂಡಾಸ್ 2.1, ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ 3.8, ಅದೂ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ತೋಟದ ಗುರುತು ಇಲ್ಲಿ ಕೊಟ್ಟಿಲ್ಲ. ಉದಾಹರಣೆಯ ಅಳತೆಗಳು ತಪ್ಪು ಎಲ್ಲಿ ಹುಟ್ಟುತ್ತದೆಂದು ತೋರಿಸಲು ಆರಿಸಿಕೊಂಡವು.

ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದು ಮಳೆಗಲ್ಲ, ಮಿದುಳಿಗೆ. ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಪೈಥಾನಿನಲ್ಲಿ ನೋಡುವುದಕ್ಕೆ, ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶದ ಆದೇಶಗಳ ಮಾದರಿಯಲ್ಲಿ ಬರೆದು 2003ರಲ್ಲಿ ಹೊರಬಿಟ್ಟರು. 2012ರಲ್ಲಿ ಅವರು ತೀರಿಕೊಂಡ ಮೇಲೂ ಸಮುದಾಯ ಅದನ್ನು ನಡೆಸಿಕೊಂಡು ಬಂದಿದೆ. ಕೊಟ್ಟ ಸಂಖ್ಯೆಯನ್ನು ಕೊಟ್ಟ ಹಾಗೇ ಬರೆಯುವುದು ಅದರ ಸ್ವಭಾವ. ಜನವರಿಯಲ್ಲಿ ಐದು ಇಂಚು ಮಳೆ ಎಂದು ಕೊಟ್ಟರೆ ಐದು ಇಂಚಿನ ಕಂಬವನ್ನೇ ನಿಲ್ಲಿಸುತ್ತದೆ, ಸೊಲ್ಲೆತ್ತುವುದಿಲ್ಲ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹೋದದ್ದು ಅಲ್ಲೇ.

ಪ್ರತಿ ತಿಂಗಳ ಏಳನೇ ತಾರೀಖು

ಪುಸ್ತಕಗಳನ್ನು ಇಬ್ಬರು ಬೇರೆ ಬೇರೆ ಕಾಲದಲ್ಲಿ ಎಕ್ಸೆಲ್‌ಗೆ ಹೊಡೆದಿದ್ದರು. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿ ಅಕ್ಷರದ ಫೈಲು) ಮಾಡಿ ಪಾಂಡಾಸ್‌ನಲ್ಲಿ ಓದಿಸಿ ಬಾರ್ ಗ್ರಾಫ್ ಕೇಳಿದಾಗ ಮೊದಲು ಬಂದದ್ದು ಒಂದು ಕರೀ ಪಟ್ಟಿ. ಅಕ್ಷದ ಕೆಳಗೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಡಾಂಬರು ಬಳಿದಂತೆ ಕಾಣುತ್ತಿದ್ದವು. ಗ್ರಾಫ್ ಬರಲು ಹಿಡಿದ ಹೊತ್ತೂ ವಿಪರೀತ.

ಕಾರಣ ತಾರೀಖಿನ ಕಾಲಂ. ಪಾಂಡಾಸ್ 2ರಿಂದ ಈಚೆಗೆ ಮೊದಲ ಸಾಲು ನೋಡಿ ತಾರೀಖಿನ ಕ್ರಮ ಊಹಿಸುತ್ತದೆ. ಮೊದಲ ಸಾಲು 01/01/2012 ಇದ್ದರೆ ಅಮೆರಿಕದ ಕ್ರಮ, ಅಂದರೆ ತಿಂಗಳು ಮೊದಲು ಎಂದು ಹಿಡಿದುಕೊಳ್ಳುತ್ತದೆ. ಹದಿಮೂರನೇ ಸಾಲಿಗೆ ಬಂದಾಗ 13ನೇ ತಿಂಗಳು ಇಲ್ಲದ್ದರಿಂದ ಇಡೀ ಕಾಲಮನ್ನೇ ಬರಿ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಅಕ್ಷರ ಸಿಕ್ಕರೆ ಅದು ಪ್ರತಿಯೊಂದನ್ನೂ ಒಂದು ವರ್ಗವೆಂದು ತಿಳಿದು ಒಂದೊಂದಕ್ಕೂ ಗುರುತು ಬರೆಯುತ್ತದೆ. ಹನ್ನೆರಡು ವರ್ಷಕ್ಕೆ 4383 ದಿನ, ಹಾಗಾಗಿ 4383 ಗುರುತು.

ಹೀಗೆ ಕರೀ ಪಟ್ಟಿ ಬಂದದ್ದು ಅದೃಷ್ಟವೇ ಸರಿ. ಆಫೀಸಿನ ಹಳೇ ಕಂಪ್ಯೂಟರಿನಲ್ಲಿದ್ದ ಪಾಂಡಾಸ್ 1ರಲ್ಲಿ ಇದೇ ಫೈಲು ಚೆಂದವಾಗಿ ಓದಿಕೊಂಡಿತ್ತು, ತಪ್ಪಾಗಿ. ಅದು ಒಂದೊಂದು ಸಾಲನ್ನೂ ಬೇರೆಯಾಗಿಯೇ ನೋಡುತ್ತದೆ: 13/07 ಬಂದರೆ ಜುಲೈ 13 ಎಂದು ಸರಿಯಾಗಿಯೇ ಓದುತ್ತದೆ, 01/07 ಬಂದರೆ ಜನವರಿ 7 ಎನ್ನುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಹೀಗೆ ಚೆಲ್ಲಾಪಿಲ್ಲಿಯಾಗುತ್ತವೆ. ಜುಲೈ 1ರ ಮಳೆ ಜನವರಿ 7ಕ್ಕೆ, ಜುಲೈ 2ರದ್ದು ಫೆಬ್ರವರಿ 7ಕ್ಕೆ, ಹೀಗೇ ಜುಲೈ 12ರದ್ದು ಡಿಸೆಂಬರ್ 7ಕ್ಕೆ. ಜೂನಿನದು ಆರನೇ ತಾರೀಖುಗಳಿಗೆ, ಆಗಸ್ಟಿನದು ಎಂಟನೇ ತಾರೀಖುಗಳಿಗೆ ಹೋಗುತ್ತದೆ. ಬೇಸಿಗೆಯ ಒಣ ದಿನಗಳು ಬಂದು ಜುಲೈ ಮೊದಲ ವಾರದಲ್ಲಿ ಕೂರುತ್ತವೆ. ಗ್ರಾಫಿನಲ್ಲಿ ಇದು ಕಣ್ಣಿಗೆ ಹೊಡೆಯುವಂತಿರುತ್ತದೆ. ವರ್ಷವಿಡೀ ಪ್ರತಿ ತಿಂಗಳು 6ರಿಂದ 9ರವರೆಗೆ ಒಂದೊಂದು ಗೊಂಚಲು ಕಂಬ, ಮಳೆಗಾಲದ ಪ್ರತಿ ತಿಂಗಳ ಆರಂಭದಲ್ಲಿ ಒಂದು ತೂತು. ತಿಂಗಳ ಮೊತ್ತ ಮಾತ್ರ ನೋಡಿದವರಿಗೆ "ಜನವರಿಯಲ್ಲೂ ಸ್ವಲ್ಪ ಮಳೆ ಇದೆ" ಎಂದಷ್ಟೇ ಅನ್ನಿಸಿ ಸುಮ್ಮನಾಗುವ ಅಪಾಯವಿದೆ.

ಪರಿಹಾರಕ್ಕೆ ಒಂದೇ ಸಾಲು ಸಾಕು. ಓದಿಸಿದ ಮೇಲೆ ತಾರೀಖಿನ ಕಾಲಮನ್ನು ಟು‑ಡೇಟ್‌ಟೈಮ್ ಆದೇಶಕ್ಕೆ ಕೊಟ್ಟು, ಫಾರ್ಮ್ಯಾಟ್ ಎಂಬಲ್ಲಿ ದಿನ, ತಿಂಗಳು, ನಾಲ್ಕಂಕಿಯ ವರ್ಷ ಎಂದು ಬಿಡಿಸಿ ಹೇಳಬೇಕು. "ದಿನ ಮೊದಲು" ಎಂಬ ಡೇಫಸ್ಟ್ ಆಯ್ಕೆಯೂ ಇದೆ. ಆದರೆ ಅದು ಸಲಹೆ ಮಾತ್ರ, ಕಟ್ಟಪ್ಪಣೆಯಲ್ಲ. ಫಾರ್ಮ್ಯಾಟ್ ಕೊಟ್ಟರೆ ಹೊಂದದ ಸಾಲಿಗೆ ಬಂದು ದೋಷ ಹೇಳಿ ನಿಲ್ಲುತ್ತದೆ. ನಿಲ್ಲುವುದೇ ಬೇಕಾಗಿರುವುದು.

ಒಂದು ಇಂಚಿಗೆ ಕಟ್ಟಿದ ಚಾವಣಿ

ತಾರೀಖು ಸರಿಹೋದ ಮೇಲೆ ಬಂದ ಗ್ರಾಫ್ ನೋಡುವುದಕ್ಕೆ ಅಚ್ಚುಕಟ್ಟಾಗಿತ್ತು. ಬೇಸಿಗೆ ಖಾಲಿ, ಜೂನಿನಿಂದ ದಟ್ಟ. ಆದರೆ 2012ರಿಂದ 2017ರವರೆಗೆ ಒಂದು ದಿನವೂ 1 ಇಂಚು ಮುಟ್ಟಿರಲಿಲ್ಲ. ಕಂಬಗಳೆಲ್ಲ ಅದೃಶ್ಯ ಚಾವಣಿಯೊಂದಕ್ಕೆ ತಲೆ ತಾಗಿಸಿಕೊಂಡು ನಿಂತಿದ್ದವು. ಬಯಲುಸೀಮೆಯ ಅರಸೀಕೆರೆಯಲ್ಲೇ ಒಂದು ಗುಡುಗು ಮಳೆಗೆ ಇಂಚು ದಾಟುತ್ತದೆ. ಪಶ್ಚಿಮ ಘಟ್ಟದ ಸೆರಗಿನ ತೋಟದಲ್ಲಿ ಆರು ವರ್ಷ ದಾಟಲಿಲ್ಲವೆಂದರೆ ಅದು ಮಳೆಯ ಮಾತಲ್ಲ.

ಆ ಆರು ವರ್ಷವನ್ನು ಹೊಡೆದವರು ಪುಸ್ತಕದಲ್ಲಿದ್ದ ಹಾಗೇ ಇಂಚು, ಅಡ್ಡಗೆರೆ, ಸೆಂಟು ಎಂದು ಹೊಡೆದಿದ್ದರು: 0‑45, 1‑05, 1‑35. ಭಾರತದ ಸೆಟ್ಟಿಂಗ್ ಇರುವ ಎಕ್ಸೆಲ್ 1‑05 ಎಂಬುದನ್ನು ಮೇ 1 ಎಂದು ಓದಿ ತಾರೀಖು ಮಾಡಿಬಿಡುತ್ತದೆ. 1‑35 ಬಂದರೆ 35ನೇ ತಿಂಗಳಿಲ್ಲ, ಹಾಗಾಗಿ 1935ರ ಜನವರಿ! ಪರದೆಯ ಮೇಲೆ "ಜನ್‑35" ಎಂದು ಕಾಣುತ್ತದೆ. 0‑45 ಮಾತ್ರ ಸೊನ್ನೆಯಿಂದ ಶುರುವಾಗುವುದರಿಂದ ಯಾವ ತಾರೀಖಿಗೂ ಹೊಂದದೆ ಬಚಾವಾಗುತ್ತದೆ. ಅಂದರೆ ಒಂದು ಇಂಚಿನ ಒಳಗಿನ ಮಳೆ ಉಳಿಯಿತು, ಮೇಲಿನದೆಲ್ಲ ತಾರೀಖಾಯಿತು. ಆಮೇಲೆ ಅಡ್ಡಗೆರೆಯನ್ನು ಚುಕ್ಕಿಯಾಗಿಸಿ ಸಂಖ್ಯೆ ಮಾಡುವ ಹಂತದಲ್ಲಿ ಟು‑ನ್ಯೂಮರಿಕ್ ಆದೇಶಕ್ಕೆ "ಆಗದ್ದನ್ನು ಖಾಲಿ ಮಾಡು" ಎಂಬ ಕೋಯರ್ಸ್ ಆಯ್ಕೆ ಕೊಟ್ಟಿದ್ದರಿಂದ ತಾರೀಖಾದವೆಲ್ಲ ಸದ್ದಿಲ್ಲದೆ ಖಾಲಿ ಮನೆಗಳಾದವು. ಹೂಮಳೆ ಎಂದು ತೋಟದವರು ಲೆಕ್ಕಕ್ಕೆ ಹಿಡಿಯುವುದೇ ಇಂಚಿನ ಆಸುಪಾಸಿನ ಮಳೆಯನ್ನು. ಹುಡುಕುತ್ತಿದ್ದ ವಸ್ತುವೇ ಜರಡಿಯಿಂದ ಆಚೆ ಹೋಗಿತ್ತು.

ಪುಣ್ಯಕ್ಕೆ ಇದು ಹಿಂದಕ್ಕೆ ತಿರುಗಿಸಬಹುದಾದ ತಪ್ಪು. ಕೆಟ್ಟ ಮನೆಗಳು ಎರಡೇ ಜಾತಿ. ದಿನ–ತಿಂಗಳು ಆದದ್ದಕ್ಕೆ ದಿನವೇ ಇಂಚು, ತಿಂಗಳ ಸಂಖ್ಯೆಯೇ ಸೆಂಟು. ತಿಂಗಳು–ವರ್ಷ ಆದದ್ದಕ್ಕೆ ತಿಂಗಳ ಸಂಖ್ಯೆ ಇಂಚು, ವರ್ಷದ ಕೊನೆಯ ಎರಡಂಕಿ ಸೆಂಟು. ಹನ್ನೆರಡು ಸೆಂಟಿನವರೆಗೆ ಮೊದಲ ಜಾತಿ, ಅದರಿಂದಾಚೆ ಎರಡನೆಯದು. ಇಪ್ಪತ್ತು ಸಾಲಿನ ಒಂದು ಫಂಕ್ಷನ್ ಆರು ವರ್ಷವನ್ನೂ ಸರಿಮಾಡಿತು. ಸಂಖ್ಯೆಗೆ ತಿರುಗಿಸುವ ಮುಂಚೆ ಖಾಲಿ ಮನೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಎಣಿಸುವ ಸಾಲನ್ನು ಅವತ್ತಿನಿಂದ ಸ್ಕ್ರಿಪ್ಟಿನಲ್ಲಿ ಖಾಯಂ ಇಡಲಾಗಿದೆ. ಎರಡೂ ಒಂದೇ ಇರಬೇಕು, ಇಲ್ಲದಿದ್ದರೆ ಮುಂದಕ್ಕೆ ಹೋಗಬಾರದು.

ಎರಡನೇ ಆರು ವರ್ಷದ ತಪ್ಪಿಗೆ ಈ ಪುಣ್ಯವಿರಲಿಲ್ಲ. ಅದನ್ನು ಹೊಡೆದವರು ಅಡ್ಡಗೆರೆಯ ಬದಲು ಚುಕ್ಕಿ ಬಳಸಿದ್ದರು. ಒಂದು ಇಂಚು ಐದು ಸೆಂಟನ್ನು ಕೆಲವು ಕಡೆ 1.05 ಎಂದೂ ಕೆಲವು ಕಡೆ 1.5 ಎಂದೂ ಹೊಡೆದಿದ್ದಾರೆ. ನಿಜವಾದ ಒಂದೂವರೆ ಇಂಚನ್ನು 1.50 ಎಂದು ಹೊಡೆದರೂ ಎಕ್ಸೆಲ್ ಕೊನೆಯ ಸೊನ್ನೆ ಕಿತ್ತು 1.5 ಮಾಡುತ್ತದೆ. ಇವೆರಡನ್ನೂ ಬೇರ್ಪಡಿಸಲು ಯಾವ ಆದೇಶಕ್ಕೂ ಸಾಧ್ಯವಿಲ್ಲ. ವ್ಯತ್ಯಾಸವೇನೂ ಚಿಕ್ಕದಲ್ಲ, 45 ಸೆಂಟು, 11.43 ಮಿ.ಮೀ. ಚುಕ್ಕಿಯ ನಂತರ ಒಂದೇ ಅಂಕಿ ಇರುವ ಸಾಲುಗಳನ್ನಷ್ಟೇ ಸೋಸಿ ಪಟ್ಟಿ ಮಾಡಿ, ಪುಸ್ತಕ ಬಿಚ್ಚಿ, ಒಂದೊಂದಾಗಿ ತಾಳೆ ನೋಡಬೇಕಾಯಿತು. ಈಗ ತೋಟದಲ್ಲಿ ಹೊಸದಾಗಿ ಹೊಡೆಯುವುದು ಇಡೀ ಸೆಂಟಿನಲ್ಲಿ ಮಾತ್ರ: 135, 105, 45. ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ. 0.254ರಿಂದ ಗುಣಿಸಿದರೆ ಮಿ.ಮೀ. ಸಿಗುತ್ತದೆ, 135 ಸೆಂಟಿಗೆ 34.29.

ಖಾಲಿ ಮನೆ, ಸೊನ್ನೆ, ಸೋಮವಾರ

ಪುಸ್ತಕದಲ್ಲಿ ಏನೂ ಬರೆಯದ ದಿನಕ್ಕೆ ಎರಡು ಅರ್ಥ: ಮಳೆ ಬಂದಿಲ್ಲ, ಅಥವಾ ನೋಡಿಲ್ಲ. ಬೇಸಿಗೆಯ ಖಾಲಿ ಮನೆ ಸಾಮಾನ್ಯವಾಗಿ ಸೊನ್ನೆಯೇ. ಮಳೆಗಾಲದ ಖಾಲಿ ಮನೆ ರಜೆ. ಭಾನುವಾರ ನೋಡದೆ ಬಿಟ್ಟ ನೀರು ಸೋಮವಾರದ ಲೆಕ್ಕಕ್ಕೆ ಸೇರುತ್ತದೆ. ವಾರದ ದಿನವಾರು ಸರಾಸರಿ ತೆಗೆದು ಏಳು ಕಂಬದ ಪುಟ್ಟ ಗ್ರಾಫ್ ಬರೆದರೆ ಸಾಕು, ಭಾನುವಾರ ಕುಳ್ಳಗೆ, ಸೋಮವಾರ ಎತ್ತರಕ್ಕೆ ಬಂತೆಂದರೆ ವಿಷಯ ತಿಳಿಯಿತು. ಮೋಡಕ್ಕೇನು ವಾರದ ರಜೆಯೇ.

ಬಾರ್ ಗ್ರಾಫಿನಲ್ಲಿ ಸೊನ್ನೆಗೂ ಖಾಲಿಗೂ ವ್ಯತ್ಯಾಸ ಕಾಣುವುದಿಲ್ಲ, ಎರಡಕ್ಕೂ ಕಂಬವಿಲ್ಲ. ಗೆರೆ ಗ್ರಾಫಿನಲ್ಲಾದರೆ ಖಾಲಿ ಇದ್ದಲ್ಲಿ ಗೆರೆ ತುಂಡಾಗುತ್ತದೆ. ಅದಕ್ಕೇ ಇಲ್ಲಿ ನೋಡದ ದಿನಗಳಿಗೆ ಅಕ್ಷದ ಬುಡದಲ್ಲೇ ಸಣ್ಣ ಕೆಂಪು ಕತ್ತರಿ ಗುರುತು ಇಡಲಾಯಿತು. ಎರಡು ದಿನದ ನೀರನ್ನು ಅರ್ಧರ್ಧ ಹಂಚುವ ಆಲೋಚನೆಯೂ ಬಂದಿತ್ತು. ಕೈಬಿಟ್ಟದ್ದು ಸರಿ. ಹಾಗೆ ಹಂಚಿದರೆ ಭಾನುವಾರ ಸಂಜೆ ಒಂದೇ ಹೊಡೆತಕ್ಕೆ ಬಿದ್ದ ಹೂಮಳೆ ಎರಡು ತುಂತುರಾಗಿ ಒಡೆದುಹೋಗುತ್ತದೆ.

ತಾರೀಖಿನ ಇನ್ನೊಂದು ಸೂಕ್ಷ್ಮ: ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಇವತ್ತು ಬೆಳಿಗ್ಗೆ 8:30ಕ್ಕೆ ಅಳೆದದ್ದು ಇವತ್ತಿನ ತಾರೀಖಿಗೆ ಸೇರುತ್ತದೆ, ಬಿದ್ದದ್ದು ನಿನ್ನೆ ಸಂಜೆಯಾದರೂ. ಮಾರ್ಚ್ 12ರ ಸಂಜೆಯ ಮಳೆ ಪುಸ್ತಕದಲ್ಲಿ 13ಕ್ಕೆ ಕೂರುತ್ತದೆ. ಹೂ ಅರಳುವ ಎಂಟು–ಹತ್ತು ದಿನ ಎಣಿಸುವವರು 12ರಿಂದ ಎಣಿಸುತ್ತಾರೆ. ಡೇಟಾದಲ್ಲಿ ಅಳೆದ ತಾರೀಖನ್ನೇ ಉಳಿಸಿಕೊಂಡು, ಎಣಿಸುವ ಸಾಲಿನಲ್ಲಿ ಮಾತ್ರ ಒಂದು ದಿನ ಕಳೆಯುವುದೆಂದು ತೀರ್ಮಾನವಾಯಿತು. ಎರಡೂ ಕಡೆ ತಿದ್ದಲು ಹೋದರೆ ಎರಡು ದಿನ ಕಳೆದುಹೋಗುವುದು ಖಚಿತ.

ಗಾಜು ಬದಲಾದದ್ದು ಗೆರೆಯಲ್ಲಿ ಕಂಡಿತು

ಪಕ್ಕದ ತೋಟದವರೂ ಮಳೆ ಬರೆದಿಟ್ಟಿದ್ದರು. ಎರಡು ತೋಟದ ಮಳೆಯನ್ನು ಮೊದಲ ದಿನದಿಂದ ಕೂಡಿಸುತ್ತಾ ಹೋಗಿ, ನಮ್ಮದನ್ನು ನಿಂತ ಅಕ್ಷಕ್ಕೂ ಅವರದನ್ನು ಮಲಗಿದ ಅಕ್ಷಕ್ಕೂ ಹಾಕಿ ಗೆರೆ ಎಳೆಯುವುದು ಹಳೆಯ ಪರೀಕ್ಷೆ. ಜಲವಿಜ್ಞಾನದವರು ಡಬಲ್ ಮಾಸ್ ಕರ್ವ್ ಎನ್ನುತ್ತಾರೆ. ಎರಡೂ ಮಾಪಕ ಸರಿಯಿದ್ದರೆ ಗೆರೆ ನೇರ. ಎರಡೂ ಅಕ್ಷಕ್ಕೆ ಒಂದೇ ಅಳತೆ ಇರಲೆಂದು ಸೆಟ್‑ಆಸ್ಪೆಕ್ಟ್ ಆದೇಶಕ್ಕೆ "ಈಕ್ವಲ್" ಕೊಡಬೇಕು. ಇಲ್ಲದಿದ್ದರೆ ಚೌಕಟ್ಟಿಗೆ ತಕ್ಕಂತೆ ಗೆರೆ ಎಳೆದಾಡಿ, ಓರೆ ಎಷ್ಟು ಬದಲಾಯಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಪಾಂಡಾಸಿನ ಕಮ್‌ಸಮ್ ಖಾಲಿ ಮನೆಯನ್ನು ದಾಟಿಕೊಂಡು ಕೂಡುತ್ತದೆ. ಆದ್ದರಿಂದ ಎರಡೂ ತೋಟ ಓದಿರುವ ದಿನಗಳನ್ನಷ್ಟೇ ಇಟ್ಟುಕೊಂಡು ಕೂಡಿಸಬೇಕು.

ಇಲ್ಲಿ ಗೆರೆ ಒಂದು ಕಡೆ ಥಟ್ಟನೆ ಕಡಿದಾಯಿತು. ಅಲ್ಲಿಂದ ಮುಂದೆ ನಮ್ಮ ಮಳೆ ಪಕ್ಕದವರ ಒಂದೂವರೆ ಪಾಲಿಗೂ ಮೇಲೆ. ಇಂಥ ಸಂದರ್ಭದಲ್ಲಿ ಮೊದಲು ಅನುಮಾನಿಸಬೇಕಾದ್ದು ಅಳತೆ ಗಾಜನ್ನು. ಹಳೇ ಮಾದರಿಯ ರೇನ್‌ಗೇಜಿನ ಬಾಯಿ 5 ಇಂಚು ಅಗಲ, ಅಂದರೆ ಸುಮಾರು 126.7 ಚದರ ಸೆಂ.ಮೀ. ಈಚಿನ ಮಾದರಿಯದು 200 ಚದರ ಸೆಂ.ಮೀ. ಗಾಜಿನ ಮೇಲಿನ ಗೀಟುಗಳು ಬಾಯಿಯ ವಿಸ್ತೀರ್ಣಕ್ಕೆ ತಕ್ಕಂತೆ ಹಾಕಿದವು. ಒಡೆದ ಗಾಜಿನ ಬದಲು 5 ಇಂಚಿನ ಮಾಪಕದ ಗಾಜು ತಂದು 200ರ ಮಾಪಕಕ್ಕೆ ಬಳಸಿದರೆ ಪ್ರತಿ ಅಳತೆಯೂ 200 ಭಾಗಿಸು 126.7, ಅಂದರೆ 1.58 ಪಟ್ಟು ಹೆಚ್ಚು ತೋರಿಸುತ್ತದೆ. ಕಪಾಟಿನಲ್ಲಿ ಎರಡೂ ಥರದ ಗಾಜು ಸಿಕ್ಕವು. ಗೆರೆ ತಿರುಗಿದ ತಾರೀಖಿನಿಂದ ಸರಿ ಗಾಜು ಮರಳಿ ಬಂದ ತಾರೀಖಿನವರೆಗಿನ ಅಳತೆಗಳನ್ನು 1.58ರಿಂದ ಭಾಗಿಸಿ, ಆ ಅವಧಿಯ ಕಂಬಗಳಿಗೆ ಹ್ಯಾಚ್ ಆಯ್ಕೆಯಿಂದ ಓರೆಗೀಟು ತುಂಬಲಾಯಿತು. ತಿದ್ದಿದ್ದು ಯಾವುದು, ಅಳೆದದ್ದು ಯಾವುದು ಎಂಬುದು ಹಾಳೆಯ ಮೇಲೇ ಕಾಣಬೇಕು.

ಆಗಸ್ಟಿನ ನೆರಳಲ್ಲಿ ಮಾರ್ಚ್

ಈಗ ಬರೆಯುವ ಕೆಲಸ. ಹನ್ನೆರಡು ವರ್ಷವನ್ನು ಒಂದೇ ಉದ್ದ ಗ್ರಾಫಿನಲ್ಲಿ ಹಾಕಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕೊಡುವ ಚಿತ್ರ 6.4 ಇಂಚು ಅಗಲ, ಇಂಚಿಗೆ 100 ಚುಕ್ಕಿ. ಅಂಚು ಬಿಟ್ಟು ಗ್ರಾಫಿಗೆ ಉಳಿಯುವುದು 496 ಪಿಕ್ಸೆಲ್. 4383 ದಿನವನ್ನು ಅದರಲ್ಲಿ ತುರುಕಿದರೆ ಪಿಕ್ಸೆಲಿಗೆ ಒಂಬತ್ತು ದಿನ. ಒಂಟಿಯಾಗಿ ಬಂದ ಹೂಮಳೆಯ ಕಂಬ ಪಿಕ್ಸೆಲಿನ ಹತ್ತನೇ ಒಂದು ಪಾಲಿಗೂ ಕಡಿಮೆಯಾಗಿ ಮಸುಕಾಗಿ ಕರಗುತ್ತದೆ, ಒತ್ತಾಗಿ ಬರುವ ಆಗಸ್ಟ್ ಮಾತ್ರ ಗೋಡೆಯ ಹಾಗೆ ನಿಲ್ಲುತ್ತದೆ.

ಎತ್ತರದ ಕಷ್ಟವೂ ಇದೇ ಜಾತಿಯದು. 2019ರ ಆಗಸ್ಟ್ ಮೊದಲೆರಡು ವಾರ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದಂಥ ಮಳೆ. ಅಂಥ ದಿನವೊಂದು ಅಕ್ಷದೊಳಗೆ ಬಂತೆಂದರೆ ಮಾರ್ಚಿನ ಒಂದು ಇಂಚು ನೆಲದ ಹುಲ್ಲಾಗುತ್ತದೆ. ಲಾಗ್ ಅಕ್ಷ (ಪ್ರತಿ ಹತ್ತು ಪಟ್ಟಿಗೂ ಒಂದೇ ಎತ್ತರ ಕೊಡುವ ಅಳತೆ) ಹಾಕಿ ನೋಡಿದ್ದಾಯಿತು. ಸೊನ್ನೆಗೆ ಲಾಗ್ ಇಲ್ಲ, ಮೇಲಾಗಿ ತೋಟದವರ ಕಣ್ಣಿಗೆ ಎರಡು ಇಂಚು ಒಂದು ಇಂಚಿನ ಎರಡರಷ್ಟು ಎತ್ತರ ಕಾಣಲೇಬೇಕು. ಆ ದಾರಿ ಬಿಟ್ಟದ್ದಾಯಿತು.

ಒಪ್ಪಿಗೆಯಾದ ವಿನ್ಯಾಸ: ವರ್ಷಕ್ಕೊಂದು ಸಾಲಿನಂತೆ ಹನ್ನೆರಡು ಸಾಲು, ಎರಡು ಕಾಲಂ. ಎಡಕ್ಕೆ ಫೆಬ್ರವರಿಯಿಂದ ಮೇ, ಅಕ್ಷದ ಮಿತಿ 80 ಮಿ.ಮೀ. ಮಳೆ. ಬಲಕ್ಕೆ ಜೂನಿನಿಂದ ನವೆಂಬರ್, ಮಿತಿ 250. ಸಬ್‌ಪ್ಲಾಟ್ಸ್ ಆದೇಶಕ್ಕೆ ಶೇರ್‑ಎಕ್ಸ್, ಶೇರ್‑ವೈ ಎರಡಕ್ಕೂ "ಕಾಲ್" ಎಂದು ಕೊಟ್ಟರೆ ಪ್ರತಿ ಕಾಲಮಿನ ಅಷ್ಟೂ ವರ್ಷಕ್ಕೆ ಒಂದೇ ಅಳತೆ ನಿಲ್ಲುತ್ತದೆ. ಇದನ್ನು ಕೊಡದಿದ್ದರೆ ಪ್ರತಿ ವರ್ಷ ತನ್ನ ಅತಿ ದೊಡ್ಡ ಮಳೆಗೆ ತಕ್ಕಂತೆ ಅಕ್ಷ ಹಿಗ್ಗಿಸಿಕೊಂಡು, ಬರದ ವರ್ಷವೂ ನೆರೆಯ ವರ್ಷವೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮಿತಿ ದಾಟಿದ ಕಂಬದ ನೆತ್ತಿ ಕತ್ತರಿಸಿಹೋಗುವುದರಿಂದ ಅಲ್ಲಿ ಸಂಖ್ಯೆಯನ್ನೇ ಬರೆಯಲಾಗಿದೆ. ಎಡ–ಬಲದ ಅಳತೆ ಬೇರೆ ಎಂದು ಮರೆಯದಿರಲು ಬಣ್ಣವೂ ಬೇರೆ: ಎಡಕ್ಕೆ ಕಡುಗಂದು, ಬಲಕ್ಕೆ ಕಡುನೀಲಿ. ಬಲ ಅಂಚಿನಲ್ಲಿ ಸೆಕೆಂಡರಿ‑ವೈ‑ಆಕ್ಸಿಸ್ ಹಾಕಿ, 25.4ರಿಂದ ಭಾಗಿಸುವ ಮತ್ತು ಗುಣಿಸುವ ಎರಡು ಫಂಕ್ಷನ್ ಕೊಟ್ಟರೆ ಇಂಚಿನ ಅಕ್ಷ ತಾನಾಗಿ ಬರುತ್ತದೆ.

ವರ್ಷಗಳನ್ನು ಒಂದರ ಕೆಳಗೊಂದು ಜೋಡಿಸುವಾಗ ವರ್ಷದ ಎಷ್ಟನೇ ದಿನ ಎಂದು ಎಣಿಸಿದರೆ ಅಧಿಕ ವರ್ಷಗಳಲ್ಲಿ ಮಾರ್ಚಿನಿಂದಾಚೆ ಒಂದು ದಿನ ಸರಿಯುತ್ತದೆ. ಬದಲಿಗೆ ಎಲ್ಲ ತಾರೀಖಿನ ವರ್ಷವನ್ನೂ 2000 ಎಂದು ಬದಲಾಯಿಸಿ ಅಕ್ಷಕ್ಕೆ ಕೊಟ್ಟದ್ದು. ಅದು ಅಧಿಕ ವರ್ಷವಾದ್ದರಿಂದ ಫೆಬ್ರವರಿ 29ಕ್ಕೂ ಜಾಗವಿದೆ.

ನಕ್ಷತ್ರದ ಪಟ್ಟಿಗಳು ಬಂದದ್ದು ಆಮೇಲೆ. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ, ಭರಣಿ 27ಕ್ಕೆ, ಕೃತ್ತಿಕೆ ಮೇ 11, ರೋಹಿಣಿ ಮೇ 25, ಮೃಗಶಿರಾ ಜೂನ್ 8, ಆರಿದ್ರಾ ಜೂನ್ 22, ಹೀಗೆ ಹದಿಮೂರು–ಹದಿನಾಲ್ಕು ದಿನಕ್ಕೊಂದು. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆಯಾಗಬಹುದು, ಗೋಡೆಯ ಹಾಳೆಗೆ ಅದು ಲೆಕ್ಕವಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವವರಿಗೆ ಏಪ್ರಿಲ್ ಕೊನೆ ಎಂಬುದಕ್ಕಿಂತ ಭರಣಿ ಎಂಬ ಪಟ್ಟಿಯೇ ಬೇಗ ತಿಳಿಯುತ್ತದೆ. ಎಎಕ್ಸ್‌ವಿಸ್ಪ್ಯಾನ್ ಆದೇಶದಿಂದ ಒಂದು ಬಿಟ್ಟು ಒಂದು ಪಟ್ಟಿಗೆ ತೆಳು ಬೂದು ಬಣ್ಣ ಬಳಿದು, ಝಡ್‑ಆರ್ಡರ್ ಸೊನ್ನೆ ಕೊಟ್ಟು ಕಂಬಗಳ ಹಿಂದಕ್ಕೆ ತಳ್ಳಬೇಕು.

ಇಲ್ಲೊಂದು ಗುಂಡಿ ಇದೆ. ಕಂಬಗಳನ್ನು ಪಾಂಡಾಸಿನ ಪ್ಲಾಟ್‑ಬಾರ್ ಮೂಲಕ ಬರೆದಿದ್ದರೆ ಅದು ತಾರೀಖನ್ನು ಕೇವಲ ಹೆಸರಾಗಿ ಇಟ್ಟುಕೊಂಡು ಕಂಬಗಳನ್ನು 0, 1, 2 ಎಂಬ ಸ್ಥಾನಗಳಲ್ಲಿ ನಿಲ್ಲಿಸುತ್ತದೆ. ಎಎಕ್ಸ್‌ವಿಸ್ಪ್ಯಾನ್ ಮಾತ್ರ ತಾರೀಖನ್ನು 1970ರ ಜನವರಿ 1ರಿಂದ ಎಣಿಸಿದ ದಿನವಾಗಿ ಓದುತ್ತದೆ. 2000ದ ಏಪ್ರಿಲ್ 14 ಅದಕ್ಕೆ 11061. ಕಂಬಗಳು ಎಡ ಮೂಲೆಯಲ್ಲಿ ಒಂದು ಗೀಟಾಗಿ ಕುಗ್ಗಿ, ನಕ್ಷತ್ರಗಳು ಬಲ ಮೂಲೆಯಲ್ಲಿ ಇನ್ನೊಂದು ಗೀಟಾಗಿ, ನಡುವೆ ಬಟಾಬಯಲು. ಕಂಬಗಳನ್ನೂ ಮ್ಯಾಟ್‌ಪ್ಲಾಟ್‌ಲಿಬ್‌ನದೇ ಬಾರ್ ಆದೇಶದಿಂದ, ಅಗಲ 1 ಕೊಟ್ಟು ಬರೆದರೆ ಮುಗಿಯಿತು. ತಾರೀಖಿನ ಅಕ್ಷದಲ್ಲಿ ಅಗಲ 1 ಎಂದರೆ ಒಂದು ದಿನ.

ಹೂಮಳೆಯ ಗುರುತನ್ನು ಕೈಯಲ್ಲಿ ಇಡಲಿಲ್ಲ. ಫೆಬ್ರವರಿ 1ರಿಂದ ಏಪ್ರಿಲ್ 30ರೊಳಗೆ ಮೊದಲ ಬಾರಿ 25.4 ಮಿ.ಮೀ. ತಲುಪಿದ ದಿನವನ್ನು ಸ್ಕ್ರಿಪ್ಟೇ ಹುಡುಕುತ್ತದೆ. ಸಾಯಂಕಾಲ ಅರವತ್ತು ಸೆಂಟು, ಮರುದಿನ ಐವತ್ತು ಸೆಂಟು ಬಿದ್ದರೂ ಗಿಡಕ್ಕೆ ಅದು ಹೂಮಳೆಯೇ, ಹಾಗಾಗಿ ದಿನದ ಮಳೆಯ ಬದಲು ಎರಡು ದಿನದ ಉರುಳು ಮೊತ್ತ ತೆಗೆಯಬೇಕು. ರೋಲಿಂಗ್ ಆದೇಶಕ್ಕೆ ಮಿನ್‑ಪೀರಿಯಡ್ಸ್ 1 ಎಂದು ಕೊಡದಿದ್ದರೆ ಒಂದು ಖಾಲಿ ಮನೆ ತನ್ನ ಜೊತೆಗೆ ಮರುದಿನವನ್ನೂ ಖಾಲಿ ಮಾಡುತ್ತದೆ. ಹೂಮಳೆಯ ಬದಲು ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆದ ವರ್ಷಗಳಲ್ಲಿ ಆ ತಾರೀಖಿಗೆ ತ್ರಿಕೋನ, ಮಳೆಗೆ ಗುಂಡು ಚುಕ್ಕಿ.

ಕನ್ನಡ ಬರೆದಾಗ

ಹಾಳೆ ಕನ್ನಡದಲ್ಲೇ ಬೇಕಿತ್ತು. ಮೊದಲ ಸಲ "ಮಳೆ" ಎಂದು ಅಕ್ಷಕ್ಕೆ ಹೆಸರು ಕೊಟ್ಟಾಗ ಖಾಲಿ ಚೌಕಗಳು ಬಂದವು, ಜೊತೆಗೆ 3246, 3251, 3270 ಎಂಬ ಅಕ್ಷರರೂಪಗಳು ಫಾಂಟಿನಲ್ಲಿಲ್ಲ ಎಂಬ ಎಚ್ಚರಿಕೆ. ಅವು ಮ, ಳ ಮತ್ತು ಎತ್ವದ ಯೂನಿಕೋಡ್ ಸಂಖ್ಯೆಗಳು. ಜೊತೆಯಲ್ಲಿ ಬರುವ ಡೆಜಾವು ಸಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೋ ಸಾನ್ಸ್ ಕನ್ನಡ ಇನ್‌ಸ್ಟಾಲ್ ಮಾಡಿದರೂ ಒಮ್ಮೊಮ್ಮೆ "ಸಿಕ್ಕಲಿಲ್ಲ" ಎನ್ನುತ್ತದೆ, ಏಕೆಂದರೆ ಹಳೇ ಫಾಂಟ್ ಪಟ್ಟಿಯನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಫಾಂಟ್‌ಮ್ಯಾನೇಜರಿನ ಆಡ್‌ಫಾಂಟ್‌ಗೆ ಫೈಲಿನ ದಾರಿ ಕೊಡುವುದು ಕ್ಯಾಶ್ ಹುಡುಕಿ ಅಳಿಸುವುದಕ್ಕಿಂತ ಸುಲಭ.

ಫಾಂಟ್ ಸಿಕ್ಕಿದ ಮೇಲೆ ನಿಜವಾದ ತೊಡಕು. "ಹಾಸನ" ಹೇಗೋ ಓದುವಂತೆ ಬಂತು. "ಚಿಕ್ಕಮಗಳೂರು" ಬಂದದ್ದು "ಚಿಕ್‌ಕಮಗಳೂರು" ಎಂದು, "ಅಶ್ವಿನಿ" ಎಂಬುದು "ಅಶ್‌ವಿನಿ" ಎಂದು. ಗುಣಿತಾಕ್ಷರಗಳಲ್ಲೂ ತಲೆಕಟ್ಟು ಹಾಗೇ ಉಳಿದು ಸ್ವರಚಿಹ್ನೆ ಪಕ್ಕದಲ್ಲಿ ಅಂಟಿಕೊಂಡಿತ್ತು. ಫಾಂಟಿನ ತಪ್ಪಲ್ಲ. ಒತ್ತಕ್ಷರವನ್ನು ಕೆಳಗಿಳಿಸಿ ತಲೆಕಟ್ಟು ತೆಗೆದು ಕೂಡಿಸುವ ನಿಯಮಗಳು ಫಾಂಟಿನೊಳಗೇ ಇರುತ್ತವೆ, ಅವನ್ನು ಓದಿ ನಡೆಸಲು ಹಾರ್ಫ್‌ಬಜ್‌ನಂಥ ಎಂಜಿನ್ ಬೇಕು. ಮ್ಯಾಟ್‌ಪ್ಲಾಟ್‌ಲಿಬ್ 3.8 ಫ್ರೀಟೈಪ್ ಬಳಸಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಅಷ್ಟೇ.

ದಾರಿ ಮೂರಿವೆ. ಎಂಪಿಎಲ್‌ಕೈರೋ ಎಂಬ ಬೇರೆ ಬ್ಯಾಕೆಂಡ್ (ಚಿತ್ರವನ್ನು ನಿಜಕ್ಕೂ ಬರೆಯುವ ಒಳಭಾಗ) ಹಾಕುವುದು, ಪಿಜಿಎಫ್ ಬ್ಯಾಕೆಂಡ್ ಮೂಲಕ ಝೀಲೇಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕೆ ಒಪ್ಪಿಸುವುದು, ಅಥವಾ ಎಸ್‌ವಿಜಿ (ಬ್ರೌಸರಿನಲ್ಲಿ ತೆರೆಯುವ ಗೆರೆಚಿತ್ರದ) ಫೈಲು ಮಾಡಿ ಅಕ್ಷರ ಕೂಡಿಸುವ ಕೆಲಸವನ್ನು ಬ್ರೌಸರಿಗೆ ಬಿಡುವುದು. ತೋಟದ ಆಫೀಸಿನ ಲ್ಯಾಪ್‌ಟಾಪಿಗೆ ಸರಿಹೊಂದಿದ್ದು ಮೂರನೆಯದು. ಎಸ್‌ವಿಜಿ ಡಾಟ್ ಫಾಂಟ್‌ಟೈಪ್ ಎಂಬ ಸೆಟ್ಟಿಂಗನ್ನು "ನನ್" ಮಾಡಿದರೆ ಅಕ್ಷರಗಳು ಗೆರೆಗಳಾಗದೆ ಅಕ್ಷರಗಳಾಗಿಯೇ ಫೈಲಿಗೆ ಹೋಗುತ್ತವೆ. ಕ್ರೋಮಿನಲ್ಲಿ ತೆರೆದರೆ ಚಿಕ್ಕಮಗಳೂರು ಸರಿಯಾಗಿ ಬರುತ್ತದೆ. ತೆರೆಯುವ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇರಬೇಕು. ಪದದ ಅಗಲವನ್ನು ಮ್ಯಾಟ್‌ಪ್ಲಾಟ್‌ಲಿಬ್ ಇನ್ನೂ ಒಡೆದ ರೂಪದಲ್ಲೇ ಅಳೆದಿರುವುದರಿಂದ ನಿಲ್ಲಿಸಿ ಬರೆದ ನಕ್ಷತ್ರದ ಹೆಸರುಗಳು ಜಾಗ ತಪ್ಪುತ್ತಿದ್ದವು. ಟೆಕ್ಸ್ಟ್ ಆದೇಶದಲ್ಲಿ ರೊಟೇಶನ್‑ಮೋಡ್ "ಆಂಕರ್" ಎಂದು ಕೊಟ್ಟ ಮೇಲೆ ನೆಲೆಗೆ ನಿಂತವು.

ತಿಂಗಳ ಹೆಸರಿಗೆ ವಿಂಡೋಸಿನ ಭಾಷೆ ಸೆಟ್ಟಿಂಗ್ ಹಿಡಿದು ಒದ್ದಾಡುವ ಅಗತ್ಯ ಬರಲಿಲ್ಲ. ಹನ್ನೆರಡು ಹೆಸರಿನ ಪಟ್ಟಿ, ಒಂದು ಫಂಕ್‌ಫಾರ್ಮ್ಯಾಟರ್, ತಿಂಗಳ 15ಕ್ಕೆ ಗುರುತು ಇಡುವ ಮಂತ್‌ಲೊಕೇಟರ್. ಅಷ್ಟರಲ್ಲಿ ಮುಗಿಯಿತು.

ಪ್ರಿಂಟ್

ಫಿಗ್‌ಸೈಜ್ ಲೆಕ್ಕ ಇಂಚಿನಲ್ಲಿ. ಎ3 ನಿಲುವಿಗೆ ಅಗಲ 11.69, ಎತ್ತರ 16.54. ಲೇಔಟ್ "ಕನ್‌ಸ್ಟ್ರೇನ್ಡ್" ಕೊಟ್ಟರೆ ಇಪ್ಪತ್ತನಾಲ್ಕು ಗ್ರಾಫುಗಳೂ ಒಂದರ ಮೇಲೊಂದು ಏರದೆ ಕೂರುತ್ತವೆ. ಸೇವ್‌ಫಿಗ್‌ನಲ್ಲಿ ಬಿಬಾಕ್ಸ್‑ಇಂಚಸ್ "ಟೈಟ್" ಕೊಡುವ ಅಭ್ಯಾಸ ಅನೇಕರಿಗಿದೆ. ಕೊಟ್ಟರೆ ಬಿಳಿ ಅಂಚು ಕತ್ತರಿಸಿ ಹಾಳೆಯ ಅಳತೆಯೇ ಬದಲಾಗುತ್ತದೆ, ಪ್ರಿಂಟರ್ ಅದನ್ನು ಮತ್ತೆ ಹಿಗ್ಗಿಸಿ 8 ಪಾಯಿಂಟಿನ ಅಕ್ಷರವನ್ನು ಇನ್ನೇನೋ ಮಾಡುತ್ತದೆ. ಇಲ್ಲಿ ಅದನ್ನು ತೆಗೆದು, ಬ್ರೌಸರಿನಿಂದ ಪಿಡಿಎಫ್ ಮಾಡುವಾಗ ಅಂಚು "ನನ್", ಅಳತೆ ನೂರಕ್ಕೆ ನೂರು ಎಂದು ಇಟ್ಟದ್ದು. ಮೊದಲ ಪ್ರತಿಯನ್ನು ಕಪ್ಪುಬಿಳುಪಿನಲ್ಲಿ ತೆಗೆದಾಗ ನಕ್ಷತ್ರದ ಪಟ್ಟಿಗಳು ಕಾಣೆಯಾಗಿದ್ದವು. ಬೂದು ಬಣ್ಣವನ್ನು 0.95ರಿಂದ 0.88ಕ್ಕೆ ಇಳಿಸಿದ ಮೇಲೆ ಜೆರಾಕ್ಸಿನಲ್ಲೂ ನಿಂತವು.

ಗಾಜು ಬದಲಾದ ಅವಧಿಯ ಓರೆಗೀಟು ಕಂಬಗಳ ಮೇಲೆ "1.58ರಿಂದ ಭಾಗಿಸಿದೆ" ಎಂದು ಆರು ಪಾಯಿಂಟಿನಲ್ಲಿ ಬರೆದಿದೆ. ಕಪಾಟಿನಲ್ಲಿದ್ದ 5 ಇಂಚಿನ ಗಾಜಿಗೆ ಕೆಂಪು ಟೇಪು ಸುತ್ತಿ ಬೇರೆ ಖಾನೆಗೆ ಎತ್ತಿಟ್ಟಿದ್ದಾರೆ.